ಹುಲ್ಲುಗಾವಲಿನಲ್ಲಿ ಅಳಿಯನಿಗೆ ಸನ್ಮಾನ

ಸನ್ಮಾನ ಎನ್ನುವುದು ಕೆಲವರಿಗೆ ನೆಗಡಿ ಇದ್ದ ಹಾಗೆ, ಋತು ಬದಲಾದಾಗಲೆಲ್ಲ ತಪ್ಪದೆ ಬರುತ್ತದೆ. ಇನ್ನು ಕೆಲವರು ಹುಟ್ಟಿದಾಗಿನಿಂದ ಕತ್ತು ಚಾಚಿಕೊಂಡು ಕಾದರೂ ಒಂದು ಶಾಲು ಬಂದು ಹೆಗಲ ಮೇಲೆ ಬೀಳುವುದಿಲ್ಲ. ಗೋಥೆನ್‌ಬರ್ಗಿನ ಯೋಗೀಶ ಈ ಎರಡನೆಯ ಪಂಗಡದವನು. ಮೊದಲನೆಯ ಪಂಗಡದವನು ಮಾಲ್ಮೋದಲ್ಲಿರುವ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ದತ್ತಾತ್ರೇಯ.

ದತ್ತಾತ್ರೇಯನಿಗೆ ಮಾಲ್ಮೋದಲ್ಲಿ ಮನೆ, ಸೇತುವೆಯಾಚೆ ಕೋಪನ್‌ಹೇಗನ್ನಿನಲ್ಲಿ ಕೆಲಸ. ದಿನಾ ಎರಡು ದೇಶ ತುಳಿಯುವುದರಿಂದ ತಾನು ಅಂತರರಾಷ್ಟ್ರೀಯ ಮಟ್ಟದವನು ಎಂಬುದು ಅವನ ದೃಢ ನಂಬಿಕೆ. ಯಾವ ಊರಿನ ಕನ್ನಡ ಕೂಟ ಯುಗಾದಿ ಮಾಡಲಿ, ರಾಜ್ಯೋತ್ಸವ ಮಾಡಲಿ, ಮೈಸೂರು ಪೇಟ ತೊಟ್ಟು ಶಾಲು ಹೊದ್ದು ನಿಂತ ಅವನ ಫೋಟೋ ಮರುದಿನ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತಿತ್ತು. "ದೊಡ್ಡ ಅಳಿಯಂದಿರಿಗೆ ಲಿಂಕೋಪಿಂಗ್‌ನಲ್ಲೂ ಹೊದಿಸಿದರಂತೆ" ಎಂದು ತುಮಕೂರಿನಿಂದ ಅತ್ತೆ ಫೋನಿನಲ್ಲಿ ಹೇಳಿದರೆ, "ಪಾಪ, ಸ್ವೆಟರ್ ಮರೆತು ಹೋಗಿದ್ದರೇನೋ" ಎಂದು ಯೋಗೀಶ ತಿರುಗೇಟು ಕೊಡುತ್ತಿದ್ದ. ಫೋನ್ ಇಟ್ಟ ಮೇಲೆ.

ಶಾಲು ಬರದಿದ್ದರೆ ಹೋಗಲಿ, ಸ್ವೀಡನ್ನಿನ ಅಂಗಡಿಗಳಲ್ಲಿ ಬೆಚ್ಚನೆಯ ಶಾಲು ಬೇಕಾದಷ್ಟು ಸಿಗುತ್ತವೆ. ಸಂಕಟವಿದ್ದದ್ದು ಬೇರೆ ಕಡೆ. ಯೋಗೀಶನ ಹೆಂಡತಿ ಭಾನುಮತಿ ಈ ದೇಶಕ್ಕೆ ಬಂದು ಹತ್ತು ವರ್ಷವಾಗಿತ್ತು. ಅಷ್ಟರಲ್ಲಿ ಅಮ್ಮ ಮೂರು ಸಲ ಬಂದು ಹೋಗಿದ್ದರು. ಮೂರು ಸಲವೂ ದೀಪಾವಳಿ ದೊಡ್ಡ ಮಗಳು ಕಾಂಚನಾಳ ಮನೆಯಲ್ಲಿ. ಗೋಥೆನ್‌ಬರ್ಗಿಗೆ ಬಂದರೆ ಚೀಲ ಪೂರ್ತಿ ಬಿಚ್ಚದೆ ಎರಡು ದಿನ ಇದ್ದು ಹೊರಟುಬಿಡುತ್ತಿದ್ದರು. "ದೊಡ್ಡ ಅಳಿಯಂದಿರಿಗೆ ಬೇಜಾರಾಗತ್ತೆ ಕಣೇ" ಎನ್ನುತ್ತಿದ್ದರು. ಒಂದೇ ಒಂದು ಹಬ್ಬ ಅಮ್ಮ ನನ್ನ ಮನೆಯಲ್ಲಿ ಎಣ್ಣೆ ಹಚ್ಚಲಿ ಎಂದು ಭಾನುಮತಿ ವರ್ಷ ವರ್ಷವೂ ಆಸೆಪಡುವಳು, ಅಮ್ಮನನ್ನು ರೈಲು ಹತ್ತಿಸಿ ಬಂದು ಬಚ್ಚಲಲ್ಲಿ ನಲ್ಲಿ ಜೋರಾಗಿ ತಿರುಗಿಸಿಕೊಂಡು ಅಳುವಳು. ಅದು ಯೋಗೀಶನಿಗೆ ಕೇಳಿಸುತ್ತಿತ್ತು. ಸ್ವೀಡನ್ನಿನ ನಲ್ಲಿಗಳು ಸದ್ದು ಮಾಡುವುದಿಲ್ಲ.

ಈ ಸಲವೂ ಅತ್ತೆ ಮೂರು ತಿಂಗಳ ವೀಸಾದಲ್ಲಿ ಬಂದು ಮಾಲ್ಮೋದಲ್ಲೇ ಇಳಿದರು. ಅದೇ ಹೊತ್ತಿಗೆ ಯೋಗೀಶನನ್ನು ಅವನ ಕಂಪನಿ ಇನ್ನರ್ ಮಂಗೋಲಿಯಾಕ್ಕೆ ಕಳಿಸಿತು.

ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸಿನಲ್ಲಿ ಯೋಗೀಶನ ಕೆಲಸ ಟೆಸ್ಟಿಂಗ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದ್ದಕ್ಕೆ ಸಂಬಳ ಪಡೆಯುವವನು. ಮರಳಿನ ಧೂಳು ಕೂತರೆ ಕಾರಿನ ಸೆನ್ಸರು ಏನು ಮಾಡುತ್ತದೆ ಎಂದು ನೋಡಿ ಬರಬೇಕಾಗಿತ್ತು. ಅದನ್ನು ಚೀನಾದ ಉತ್ತರದ ಆ ಮರುಭೂಮಿಯಲ್ಲಿ ನೋಡಿದ್ದಾಯಿತು. ಸೆನ್ಸರು ಏನೂ ಮಾಡಲಿಲ್ಲ, ಸುಮ್ಮನೆ ಕೆಟ್ಟುಹೋಯಿತು. ಉಳಿದ ವಾರಾಂತ್ಯಕ್ಕೆ ಹೋಟೆಲಿನವರು ಅವನನ್ನು ಒಂದು ಟೂರಿಸ್ಟ್ ಬಸ್ಸಿಗೆ ಹತ್ತಿಸಿದರು.

ಬಸ್ಸು ಮೊದಲು ಮರಳುಗಾಡಿಗೆ ಹೋಯಿತು. ಅಲ್ಲಿ ಎರಡು ಡುಬ್ಬದ ಒಂಟೆಗಳು ಒಂದರ ಹಿಂದೊಂದು ಕಟ್ಟಿಸಿಕೊಂಡು ರೇಷನ್ ಅಂಗಡಿಯ ಸಾಲಿನಂತೆ ಬೇಸರದಿಂದ ನಿಂತಿದ್ದವು. ಎರಡು ಡುಬ್ಬಗಳ ನಡುವೆ ಕೂತ ಯೋಗೀಶನಿಗೆ ಜನ್ಮದಲ್ಲಿ ಮೊದಲ ಸಲ ಹಿಂದೂ ಮುಂದೂ ಆಸರೆ ಸಿಕ್ಕಂತಾಯಿತು. ಮರಳ ದಿಬ್ಬದಿಂದ ಜಾರಿದರೆ ಮರಳು ಹಾಡುತ್ತದೆ ಎಂದಿದ್ದರು. ಜಾರಿದ. ಮರಳು ಗುಂಯ್ ಎಂದಿತು, ಪ್ಯಾಂಟು ಪರ್ ಎಂದಿತು. ಆಮೇಲೆ ಬೌದ್ಧ ದೇಗುಲ. ಬೆಳ್ಳಿಯ ಬುದ್ಧನ ಎದುರು, ಬೆಣ್ಣೆದೀಪಗಳ ಜಿಡ್ಡು ಹಿಡಿದ ನೆಲದ ಮೇಲೆ, ಹರಿದ ಪ್ಯಾಂಟಿನ ಭಾಗವನ್ನು ಗೋಡೆಯ ಕಡೆಗೆ ಮಾಡಿಕೊಂಡು ಸಾಷ್ಟಾಂಗ ಬಿದ್ದ. ಪ್ರಾರ್ಥನೆಯ ಚಕ್ರಗಳನ್ನೆಲ್ಲ ತಿರುಗಿಸುತ್ತ ಪ್ರದಕ್ಷಿಣೆ ಬಂದ. ಹುಂಡಿ ಕಂಡಿತು, ತೀರ್ಥ ಕೊಡುವವರು ಮಾತ್ರ ಕಾಣಲಿಲ್ಲ. ತೀರ್ಥವಿಲ್ಲದ ದೇವಸ್ಥಾನಕ್ಕೆ ಹೋಗಿ ಬಂದರೆ ಅರ್ಧ ಹೋಗಿ ಬಂದ ಹಾಗೆ ಎಂದು ಅವನ ಮನಸ್ಸು ಕೊರೆಯುತ್ತಲೇ ಇತ್ತು.

ಆ ಕೊರಗು ಹುಲ್ಲುಗಾವಲಿನಲ್ಲಿ ತೀರಿತು. ಎತ್ತ ನೋಡಿದರೂ ಒಂದು ಮರವಿಲ್ಲದ ಹಳದಿ ಹುಲ್ಲು, ಅದರ ನಡುವೆ ಬಿಳಿಯ ದುಂಡು ಗುಡಾರಗಳು, ಕೈಗೆ ಸಿಗುವಷ್ಟು ಕೆಳಗೆ ಆಕಾಶ. ಒಂದು ಗುಡಾರದ ಬಾಗಿಲಲ್ಲಿ ನಿಲುವಂಗಿ ತೊಟ್ಟ ಹೆಂಗಸೊಬ್ಬಳು ಹಾಡು ಹೇಳುತ್ತ, ಬಸ್ಸಿನಿಂದ ಇಳಿದವನ ಕೊರಳಿಗೆ ನೀಲಿ ರೇಷ್ಮೆಯ ಉದ್ದನೆಯ ಪಟ್ಟಿ ಹಾಕಿ, ಬೆಳ್ಳಿ ಬಟ್ಟಲು ಚಾಚಿದಳು. ಉಂಗುರ ಬೆರಳನ್ನು ಅದ್ದಿ ಒಮ್ಮೆ ಆಕಾಶಕ್ಕೆ, ಒಮ್ಮೆ ಭೂಮಿಗೆ ಚಿಮುಕಿಸಿ, ಹಣೆಗೆ ಮುಟ್ಟಿಸಿ ಕುಡಿಯಬೇಕೆಂದು ಗೈಡ್ ಹೇಳಿಕೊಟ್ಟ. ಬೆಳ್ಳಿ ಬಟ್ಟಲು ಕಂಡದ್ದೇ ಯೋಗೀಶನ ಕೈ ತಾನೇ ತಾನಾಗಿ ಪರಿಷೇಚನೆಗೆ ತಿರುಗಿತು. ಬಟ್ಟಲನ್ನು ಸುತ್ತುಗಟ್ಟಿ, ಅಂಗೈಗೆ ಹೊಯ್ದುಕೊಂಡು, ಮೂರು ಸಲ ಸೊರ್ ಎಂದು ಹೀರಿ, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡ. ಇಷ್ಟು ಭಕ್ತಿಯಿಂದ ಕುಡಿಯುವವನನ್ನು ಕಂಡಿರದ ಆ ಹೆಂಗಸು ಖುಷಿಯಾಗಿ ಮತ್ತೆ ತುಂಬಿಸಿದಳು. ಅದು ಹಾಲಿನಿಂದ ಇಳಿಸಿದ ಹೆಂಡ ಎಂಬುದು ಗಂಟಲಿಂದ ಇಳಿದ ಮೇಲೆ ತಿಳಿಯಿತು. ಗೈಡ್ ಫೋಟೋ ತೆಗೆದದ್ದು ಆಗಲೇ.

ಆ ಫೋಟೋವನ್ನು ಯೋಗೀಶ ವಾಟ್ಸಾಪ್ ಗುಂಪಿಗೆ ಹಾಕಿ, "ಇಲ್ಲಿ ಬಂದವರಿಗೆಲ್ಲ ಇದನ್ನ ಹಾಕ್ತಾರೆ" ಎಂದು ಕೆಳಗೆ ಬರೆಯುತ್ತಿದ್ದ. ಅಷ್ಟರಲ್ಲಿ ಅತ್ತೆಯ ಧ್ವನಿ ಸಂದೇಶ ಬಂತು.

"ಅಯ್ಯೋ ಭಾನೂ, ನೋಡಿದ್ಯೇನೇ! ನಮ್ಮ ಚಿಕ್ಕ ಅಳಿಯಂದಿರಿಗೆ ಮಂಗೋಲಿಯಾದಲ್ಲಿ ಸನ್ಮಾನ ಆಗಿದೆ! ರೇಷ್ಮೆ ಶಾಲು ಕಣೇ! ಮುಖದಲ್ಲಿ ಏನು ಕಳೆ ಅಂತೀನಿ!"

ಕಳೆ ಎರಡನೆಯ ಬಟ್ಟಲಿನದು. ಆದರೆ ಅದನ್ನು ವಿವರಿಸುವಷ್ಟು ಹೊತ್ತು ಯಾರು ಕೊಡುತ್ತಾರೆ? ಚಿಕ್ಕಪ್ಪಂದಿರು, ದೊಡ್ಡಮ್ಮಂದಿರು, ಯಾವ ಕಡೆಯ ನೆಂಟರೆಂದು ಯೋಗೀಶನಿಗೆ ಇವತ್ತಿಗೂ ಗೊತ್ತಿಲ್ಲದ ಮಂದಿ, ಎಲ್ಲರೂ ಕೈಮುಗಿದ ಚಿತ್ರ ಕಳಿಸತೊಡಗಿದರು. ಭಾನುಮತಿ ಒಂದು ಹೃದಯದ ಚಿತ್ರ ಹಾಕಿದಳು. ಮದುವೆಯಾದ ಮೇಲೆ ಗುಂಪಿನಲ್ಲಿ ಎಲ್ಲರ ಎದುರು ಅವಳು ಗಂಡನಿಗೆ ಏನನ್ನಾದರೂ ಹಾಕಿದ್ದು ಅದೇ ಮೊದಲು. ದತ್ತಾತ್ರೇಯ ಸ್ವಲ್ಪ ತಡವಾಗಿ, "ಯಾವ ಸಂಸ್ಥೆಯವರು?" ಎಂದು ಕೇಳಿದ.

ಯೋಗೀಶ ಬರೆದಿದ್ದ ಸಾಲನ್ನು ನೋಡಿದ. ಒಂದೊಂದೇ ಅಕ್ಷರ ಅಳಿಸಿದ. "ಸ್ಥಳೀಯರು" ಎಂದು ಬರೆದ. ಇದರಲ್ಲಿ ಸುಳ್ಳೆಲ್ಲಿದೆ? ಸ್ಥಳೀಯರೇ ಹಾಕಿದ್ದು.

ಮರುದಿನ ಭಾನುಮತಿಯ ಫೋನು. "ರೀ, ಅಮ್ಮ ಈ ಸಲ ದೀಪಾವಳಿಗೆ ನಮ್ಮನೇಗೆ ಬರ್ತಾರಂತೆ ಕಣ್ರೀ! ಸನ್ಮಾನ ಆಗಿರೋ ಅಳಿಯನ ಮನೇಗೆ ಹೋಗದಿದ್ರೆ ಚೆನ್ನಾಗಿರಲ್ಲ ಅಂತ ಅಕ್ಕನಿಗೆ ಹೇಳಿದ್ರಂತೆ. ಭಾವನೂ ಹೂಂ ಅಂದ್ರಂತೆ!"

ಈಗ ಹೇಳಿ, ಇಂಥ ಹೊತ್ತಿನಲ್ಲಿ ಯಾವ ಗಂಡ ಬಾಯಿ ಬಿಡುತ್ತಾನೆ? ಯೋಗೀಶ ಬಾಯಿ ಬಿಡಲಿಲ್ಲ.

ಅಕ್ಟೋಬರಿನ ಕೊನೆಗೆ ಅತ್ತೆ ಗೋಥೆನ್‌ಬರ್ಗಿಗೆ ಬಂದು, ಚೀಲವನ್ನು ಪೂರ್ತಿ ಬಿಚ್ಚಿದರು. ಬೀರುವಿನಲ್ಲಿ ಒಂದು ಅಂಕಣ ಕೇಳಿ ಪಡೆದರು. ಭಾನುಮತಿ ಅದನ್ನು ಹಾದುಹೋಗುವಾಗಲೆಲ್ಲ ತೆರೆದು ನೋಡಿ ಮುಚ್ಚುತ್ತಿದ್ದಳು. ಅತ್ತೆಯ ಬಾಯಲ್ಲಿ ಈಗ ಒಂದೇ ಮಾತು. ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕ ಪಕ್ಕದ ಮನೆಯ ಗುನ್ನೆಲ್ ಎಂಬ ವೃದ್ಧೆಯನ್ನೂ ಬಿಡದೆ, ಯೋಗೀಶನ ಹನ್ನೆರಡು ವರ್ಷದ ಮಗಳು ಅಹನಾಳನ್ನು ದುಭಾಷಿಯಾಗಿ ಮುಂದಿಟ್ಟುಕೊಂಡು ಅಳಿಯನ ಮಂಗೋಲಿಯಾ ವಿಜಯವನ್ನು ತಿಳಿಸಿದರು. ಗುನ್ನೆಲ್ ಪೂರ್ತಿ ಕೇಳಿ, "ಯಾಹಾ", ಅಂದರೆ "ಹೌದಾ", ಎಂದಳು. ಸ್ವೀಡನ್ನಿನಲ್ಲಿ ಮಗು ಹುಟ್ಟಿದರೂ ಸರ್ಕಾರ ಬಿದ್ದರೂ ಹೇಳುವುದು ಅಷ್ಟೇ. ಅತ್ತೆ ಮಾತ್ರ "ಪಾಪ, ಮಾತೇ ಹೊರಡಲಿಲ್ಲ ಅವಳಿಗೆ" ಎಂದು ಮನೆಯಲ್ಲಿ ವರದಿ ಮಾಡಿದರು.

ಸುದ್ದಿ ಕನ್ನಡ ಕೂಟಕ್ಕೆ ಮುಟ್ಟಿತು. ಕೂಟದ ಕಾರ್ಯದರ್ಶಿ ಸಂಕೇತ್, ಸದಾ ಓಡುತ್ತಲೇ ಮಾತಾಡುವ ಹುಡುಗ, ಒಂದು ಸಂಜೆ ಜಾಕೆಟ್ ಬಿಚ್ಚದೆ ಬಾಗಿಲಲ್ಲೇ ನಿಂತ.

"ಸರ್, ರಾಜ್ಯೋತ್ಸವಕ್ಕೆ ನಿಮಗೇ ಸನ್ಮಾನ. ಡಿಸೈಡ್ ಆಗೋಗಿದೆ. ಮಂಗೋಲಿಯಾದವರು ಗುರುತಿಸಿದ್ಮೇಲೂ ನಾವು ಗುರುತಿಸ್ಲಿಲ್ಲ ಅಂದ್ರೆ ಮರ್ಯಾದೆ ಹೋಗತ್ತೆ. ಮಾಲ್ಮೋದಿಂದ ದತ್ತಾತ್ರೇಯ ಸರ್ ಚೀಫ್ ಗೆಸ್ಟ್."

"ಬೇಡ ಸಂಕೇತ್, ಅದು ಅಂಥಾ ದೊಡ್ಡದೇನಲ್ಲ."

"ನೋಡಿದ್ರಾ ಅಮ್ಮಾ ವಿನಯ!" ಎಂದ ಸಂಕೇತ್ ಅತ್ತೆಯ ಕಡೆ ತಿರುಗಿ. "ಇನ್ನೊಂದು ವಿಷಯ. ನಗರಸಭೆಯ ಹಾಲ್ ಬೇಗ ಸಿಗಬೇಕಂದ್ರೆ ಬೇರೆ ಸಂಸ್ಕೃತಿಯವರನ್ನೂ ಸೇರಿಸ್ಕೊಳ್ಳಿ ಅಂದ್ರು. ಲಕ್ಕಿಲಿ ನಿಮ್ಮ ಲಿಂಡ್‌ಹೋಲ್ಮೆನ್‌ನಲ್ಲೇ ಇನ್ನರ್ ಮಂಗೋಲಿಯಾದವರು ಒಬ್ರು ಇದಾರೆ ಸರ್. ಸಾರನ್ ಅಂತ. ಸ್ಟೇಜ್ ಮೇಲೆ ಆ ಶಾಲಿನ ಮಹತ್ವ ಅವರೇ ಹೇಳ್ತಾರೆ!"

ಆ ರಾತ್ರಿ ಅವನಿಗೆ ಸೇರಿದ್ದು ಅರ್ಧ ಚಪಾತಿ. ಮರುದಿನ ಮಧ್ಯಾಹ್ನ ಅವನು ಸಾರನ್ ಕೆಲಸ ಮಾಡುವ ಕಟ್ಟಡವನ್ನು ಹುಡುಕಿಕೊಂಡು ಹೋಗಿ, ಫೀಕಾಕ್ಕೆ ಕರೆದು, ಕಾಫಿ ಮತ್ತು ದಾಲ್ಚಿನ್ನಿ ಬನ್ನು ಮುಂದಿಟ್ಟು, ಸ್ವೀಡಿಷ್‌ನಲ್ಲಿ ಪೀಠಿಕೆ ಹಾಕಿದ. ಲಿಂಕೋಪಿಂಗ್‌ನಲ್ಲಿ ಓದಿ ಬಂದ, ದುಂಡು ಮುಖದ, ಮೂವತ್ತರ ಆಸುಪಾಸಿನ ಹೆಂಗಸು ಅವಳು.

"ಆ ಶನಿವಾರ ನಿಮಗೆ ಬೇರೆ ಕೆಲಸ ಇರುತ್ತೆ ಅಲ್ವಾ?" ಎಂದ ಆಸೆಯಿಂದ.

"ಏನೂ ಇಲ್ಲ" ಎಂದಳು ಸಾರನ್. "ಇಲ್ಲಿಗೆ ಬಂದಾಗಿನಿಂದ ನನ್ನನ್ನ ಯಾರೂ ಯಾವ ಹಬ್ಬಕ್ಕೂ ಕರೆದಿಲ್ಲ. ನೀವೇ ಮೊದಲು. ನಮ್ಮೂರಿಗೆ ಹೋಗಿದ್ದಿರಂತೆ! ಹುಲ್ಲು ಹಳದಿಯಾಗಿತ್ತಾ? ನಮ್ಮಮ್ಮ ಈ ತಿಂಗಳಲ್ಲೇ ಮೊಸರು ಒಣಗಿಸೋದು." ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿಬಂತು. ಬರಬೇಡಿ ಎಂದು ಹೇಳಲು ಹೋದವನು, ಬರುವ ಟ್ರ್ಯಾಮ್ ಯಾವುದು, ಇಳಿಯುವ ಸ್ಟಾಪ್ ಯಾವುದು ಎಲ್ಲ ವಿವರಿಸಿ, ಬೇಕಾದರೆ ತಾನೇ ಬಂದು ಕರೆದುಕೊಂಡು ಹೋಗುವೆನೆಂದು ಮಾತು ಕೊಟ್ಟು ವಾಪಸು ಬಂದ.

ಶನಿವಾರ ಬಂತು. ಹಾಲ್ ತುಂಬ ರೇಷ್ಮೆ ಸೀರೆಗಳು, ಅವುಗಳ ಕೆಳಗೆ ಉಣ್ಣೆ ಕಾಲುಚೀಲಗಳು. ನಾಡಗೀತೆ ಆಯಿತು. ಸನ್ಮಾನ ಶುರುವಾಯಿತು. ಬಿಸಿಬೇಳೆಬಾತ್ ಮಾಡಿದವರಿಗೆ ಶಾಲು. ಮೈಕು ತಂದವರಿಗೆ ಶಾಲು. ಹಾಲ್‌ನ ಬೀಗ ತೆಗೆದುಕೊಟ್ಟ ಸ್ವೀಡಿಷ್ ಮುದುಕನಿಗೂ ಶಾಲು. ಅವನು ಚಳಿಗೆ ಕೊಟ್ಟರೆಂದುಕೊಂಡು "ಬೇಡ, ನನ್ನ ಹತ್ತಿರ ಕೋಟಿದೆ" ಎಂದ. ಮುಖ್ಯ ಅತಿಥಿ ದತ್ತಾತ್ರೇಯ ಪೇಟಕ್ಕೆ ತಲೆ ಬಗ್ಗಿಸುವ ಕಲೆಯಲ್ಲಿ ಎಷ್ಟು ಪಳಗಿದ್ದನೆಂದರೆ, ಕನ್ನಡಕ ಒಂದಿಷ್ಟೂ ಅಲುಗಲಿಲ್ಲ. ಯೋಗೀಶ ನೀಲಿ ಪಟ್ಟಿ ಹಾಕಿಕೊಂಡು, ಬೆವರುತ್ತ, ಅವನ ಪಕ್ಕದಲ್ಲಿ ಕೂತಿದ್ದ. ಮುಂದಿನ ಸಾಲಿನಲ್ಲಿ ಅತ್ತೆ, ಅಹನಾ, ಅವರಿಬ್ಬರ ನಡುವೆ ಮದುವೆಯ ಸೀರೆಯುಟ್ಟ ಭಾನುಮತಿ. ಇಷ್ಟು ಎತ್ತರದಲ್ಲಿ ತಲೆಯಿಟ್ಟುಕೊಂಡು ಕೂತ ಹೆಂಡತಿಯನ್ನು ಅವನು ಹಿಂದೆಂದೂ ನೋಡಿರಲಿಲ್ಲ.

ಸಾರನ್ ಮೈಕಿನ ಮುಂದೆ ಬಂದಳು. ಸ್ವೀಡಿಷ್‌ನಲ್ಲಿ ಮಾತಾಡಿದಳು. ಅವಳ ಮಾತಿನ ಸಾರ ಇಷ್ಟು. ಈ ನೀಲಿ ಪಟ್ಟಿಗೆ ಖದಗ್ ಎನ್ನುತ್ತಾರೆ. ನಮ್ಮಲ್ಲಿ ಅತಿಥಿಗಳು ಬಂದರೆ ಗೌರವದಿಂದ ಹಾಕುತ್ತೇವೆ. ದೇಗುಲದಲ್ಲಿ ದೇವರಿಗೂ ಅರ್ಪಿಸುತ್ತೇವೆ. ಟೂರಿಸ್ಟ್ ಗುಡಾರಗಳಲ್ಲಂತೂ ಬಸ್ಸಿನಿಂದ ಇಳಿದ ಪ್ರತಿಯೊಬ್ಬರಿಗೂ ಹಾಕುತ್ತೇವೆ, ಮಕ್ಕಳಿಗೂ ಹಾಕುತ್ತೇವೆ. ಅದನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡ ಮನುಷ್ಯನನ್ನು ನಾನು ಈಗಲೇ ನೋಡುತ್ತಿರುವುದು.

ಹಿಂದಿನ ಸಾಲುಗಳಲ್ಲಿ ಸ್ವೀಡನ್ನಿನಲ್ಲೇ ಬೆಳೆದ ಮಕ್ಕಳೆಲ್ಲ ಕಿಸಕ್ಕೆಂದರು. ದೊಡ್ಡವರು ಗಂಭೀರವಾಗಿ ಚಪ್ಪಾಳೆ ತಟ್ಟಿದರು. ವರ್ಷಗಟ್ಟಲೆ ಇಲ್ಲೇ ಇದ್ದರೂ ಆಫೀಸಿನ ಇಂಗ್ಲಿಷಿನಲ್ಲೇ ಕಾಲ ಹಾಕುವ ಜನ, ಅರ್ಥವಾಗಲಿಲ್ಲ ಎಂದು ಮೊದಲು ಒಪ್ಪಿಕೊಳ್ಳುವವರು ಯಾರು? ಸಂಜೆ ತರಗತಿಗೆ ತಪ್ಪದೆ ಹೋಗಿ ಸ್ವೀಡಿಷ್ ಕಲಿತವನು ಅಲ್ಲಿ ಯೋಗೀಶನೊಬ್ಬನೇ. ಅದು ಅವನ ಜೀವಮಾನದ ಸಾಧನೆ. ಅದಕ್ಕೆ ಯಾರೂ ಶಾಲು ಹೊದಿಸಿರಲಿಲ್ಲ.

"ಅದ್ಭುತ!" ಎಂದ ಸಂಕೇತ್. "ಈಗ ಯೋಗೀಶ್ ಸರ್ ಅವರೇ ಇದನ್ನ ಕನ್ನಡದಲ್ಲಿ ಹೇಳಬೇಕು ಅಂತ ಕೇಳ್ಕೊಳ್ತೀನಿ."

ಮೈಕು ಕೈಗೆ ಬಂತು. ದೊಡ್ಡವರು ಯಾರಿಗೂ ಏನೂ ತಿಳಿದಿಲ್ಲ. 'ಇದು ಅವರ ನಾಡಿನ ಅತಿ ದೊಡ್ಡ ಗೌರವವಂತೆ' ಎಂದುಬಿಟ್ಟರೆ ಮುಗಿಯಿತು. ಮುಂದಿನ ವಾರ ದೀಪಾವಳಿ. ಭಾನುಮತಿ ಎಣ್ಣೆ, ಸೀಗೆಪುಡಿ ಎಲ್ಲ ತಂದಿಟ್ಟಾಗಿದೆ. ಯೋಗೀಶ ಗಂಟಲು ಸರಿಮಾಡಿಕೊಂಡ. ಸಾರನ್ ತನ್ನ ಮಾತೇ ಕನ್ನಡದಲ್ಲಿ ಹೇಗೆ ಕೇಳುತ್ತದೋ ಎಂದು ಮಗುವಿನಂತೆ ನಗುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಕೆಳಗೆ ಅಹನಾ ಕೂಡ ನೋಡುತ್ತಿದ್ದಳು. ಅವಳು ನಗುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಇವರಿಬ್ಬರ ಮುಂದೆ ಸುಳ್ಳು ಹೇಳುವುದು ಯೋಗೀಶನಿಂದ ಆಗಲಿಲ್ಲ.

"ಇದು ಸನ್ಮಾನ ಅಲ್ಲ" ಎಂದ. "ಬಸ್ಸಿಂದ ಇಳಿದವರಿಗೆಲ್ಲ ಹಾಕ್ತಾರೆ ಅಂತ ಅವರು ಹೇಳಿದ್ರು. ನಿಜ. ನನಗಿಂತ ಮುಂಚೆ ನಮ್ಮ ಡ್ರೈವರ್‌ಗೆ ಹಾಕಿದ್ರು."

ಭಾನುಮತಿಯ ತಲೆ ಮೆಲ್ಲಗೆ ತಗ್ಗಿತು. ಅದನ್ನು ನೋಡಿದ ಯೋಗೀಶನಿಗೆ, ನಾಲಿಗೆ ಕತ್ತರಿಸಿ ಹಾಕಬೇಕೆನಿಸಿತು.

ದತ್ತಾತ್ರೇಯ ಉದಾರವಾಗಿ ಮೈಕು ಇಸಿದುಕೊಂಡ. "ಪರವಾಗಿಲ್ಲ ಯೋಗೀಶ, ಬೇಜಾರು ಮಾಡ್ಕೋಬೇಡ. ಸನ್ಮಾನ ಅನ್ನೋದು ಸಾಧನೆ ಮಾಡಿದವರಿಗೆ ತಾನಾಗೇ ಬರತ್ತೆ" ಎಂದು ತನ್ನ ಶಾಲನ್ನು ಸರಿಪಡಿಸಿಕೊಂಡ.

ಸಾರನ್ ಆ ಶಾಲನ್ನೇ ನೋಡಿ, ವೇದಿಕೆಯ ಅಂಚಿಗೆ ಬಂದು ಅಹನಾಳನ್ನು ಏನೋ ಕೇಳಿದಳು. ಅಹನಾ ಎದ್ದು ನಿಂತಳು. "ಸಂಕೇತ್ ಅಂಕಲ್, ದೊಡ್ಡಪ್ಪನಿಗೆ ಯಾಕೆ ಹಾಕಿದ್ದು ಅಂತ ಕೇಳ್ತಿದಾರೆ. ಅವರೂ ಗೆಸ್ಟಾ?"

"ಹೌದು ಪುಟ್ಟಾ, ಮಾಲ್ಮೋದಿಂದ ಬಂದಿದಾರಲ್ಲ."

"ಬಸ್ಸಲ್ಲಾ?"

"ಇಲ್ಲಮ್ಮ, ಟ್ರೇನಲ್ಲಿ."

ಅಹನಾ ಅದನ್ನು ಸ್ವೀಡಿಷ್‌ಗೆ ತಿರುಗಿಸಿದಳು. ಸಾರನ್‌ಳ ಮುಖ ಅರಳಿತು. ಹಾಗಾದರೆ ನಮ್ಮಲ್ಲೂ ನಿಮ್ಮಲ್ಲೂ ಪದ್ಧತಿ ಒಂದೇ ಎಂದು ಅವಳು ಮೈಕಿನಲ್ಲಿ ಸ್ವೀಡಿಷ್‌ನಲ್ಲೇ ಸಾರಿದಳು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡವರು ವಿಶ್ವಬಾಂಧವ್ಯದ ಮಾತಿರಬೇಕೆಂದು ಮತ್ತೆ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ದತ್ತಾತ್ರೇಯ. ಯೋಗೀಶನಿಗೆಂದು ಮಡಿಕೆ ಬಿಚ್ಚಿದ್ದ ಶಾಲನ್ನು ಸಂಕೇತ್ ಗಡಿಬಿಡಿಯಲ್ಲಿ ಸಾರನ್‌ಗೆ ಹೊದಿಸಿಬಿಟ್ಟ.

ಮನೆಗೆ ಹೋಗುವ ಟ್ರ್ಯಾಮು ಹತ್ತಿದರು. ಸಂಜೆ ಐದಕ್ಕೇ ಹೊರಗೆ ಕಗ್ಗತ್ತಲು. ಭಾನುಮತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಲ್ಲಿ ತಿರುಗಿಸಲು ನಲ್ಲಿಯೂ ಇರಲಿಲ್ಲ. ಹಸಿವು ತಾಳಲಾರದೆ ಯೋಗೀಶ ಹಾಲ್‌ನಿಂದ ಕಟ್ಟಿಸಿಕೊಂಡು ಬಂದಿದ್ದ ಬಿಸಿಬೇಳೆಬಾತಿನ ಡಬ್ಬಿ ತೆರೆದ.

"ಅತ್ತೆ, ತಪ್ಪಾಯ್ತು" ಎಂದ. "ಫೋಟೋ ಹಾಕಿದ ದಿನಾನೇ ನಿಮಗೆ ಹೇಳಬೇಕಿತ್ತು."

"ನನಗೆ ಅವತ್ತೇ ಗೊತ್ತಿತ್ತು" ಎಂದರು ಅತ್ತೆ.

ಯೋಗೀಶನ ಚಮಚ ಅರ್ಧ ದಾರಿಯಲ್ಲಿ ನಿಂತಿತು.

"ನಿಮ್ಮ ಹಿಂದೆ ಐಸ್‌ಕ್ರೀಮ್ ತಿಂತಾ ನಿಂತಿದ್ದ ಮಗೂಗೂ ಅದೇ ಶಾಲು ಹಾಕಿದ್ರಲ್ಲ! ಆಪರೇಷನ್ ಆದ ಕಣ್ಣು ನಂದು, ಎಲ್ಲಾ ಕಾಣತ್ತೆ. ಆದ್ರೆ ದೊಡ್ಡವಳ ಮನೆಯಿಂದ ಹಬ್ಬಕ್ಕೆ ಎದ್ದು ಬರೋಕೆ ಒಂದು ನೆವ ಬೇಡ್ವಾ? ಇವಳು ಹತ್ತು ವರ್ಷದಿಂದ ಕರೀತಿದಾಳೆ. ಸುಮ್ನೆ ಬಂದ್ರೆ ಅವರಿಗೆ ಬೇಜಾರು. ಸನ್ಮಾನ ಅಂದ್ರೆ ನಿಮ್ಮ ಭಾವ ಉಸಿರೆತ್ತಲ್ಲ, ಅವರೇ ಮಾಡ್ಕೊಂಡಿರೋ ಧರ್ಮ ಅದು. ಅದಕ್ಕೇ ಊರಿಗೆಲ್ಲ ಸಾರ್ಕೊಂಡು ಬಂದೆ. ಇನ್ನೊಂದು ವಾರ ಬಾಯಿ ಮುಚ್ಕೊಂಡಿದ್ರೆ ಹಬ್ಬ ಮುಗೀತಿತ್ತು. ನಿಮ್ಮನ್ನ ಯಾರು ನಿಜ ಹೇಳಿ ಅಂದ್ರು? ಈಗ ಯಾವ ಮುಖ ಇಟ್ಕೊಂಡು ನಾನಿಲ್ಲಿ ಉಳೀಲಿ?"

ಭಾನುಮತಿ ತಿರುಗಿದಳು. ಕಣ್ಣು ಕೆಂಪಾಗಿತ್ತು. "ರೀ, ಜನ್ಮದಲ್ಲಿ ಒಂದು ಸಲ ನಿಜ ಹೇಳಿದ್ರಿ, ಅದೂ ಇವತ್ತೇ ಹೇಳ್ಬೇಕಿತ್ತಾ?"

ಅಷ್ಟರಲ್ಲಿ ಅತ್ತೆಯ ಫೋನ್ ಬಡಿದುಕೊಂಡಿತು. ಕಾಂಚನಾ! ಮಾಲ್ಮೋಗೆ ವಾಪಸು ರೈಲು ಹತ್ತಿದ ದತ್ತಾತ್ರೇಯ ಆಗಲೇ ಹೆಂಡತಿಗೆ ವರದಿ ಒಪ್ಪಿಸಿದ್ದ. ಅಮ್ಮಾ, ಇನ್ನೇನು ಅಲ್ಲಿ, ನಾಳೆ ಬಂದುಬಿಡು ಎನ್ನುತ್ತಿದ್ದಳು. ಭಾನುಮತಿ ಅಮ್ಮನ ತೋಳು ಹಿಡಿದುಕೊಂಡಳು.

ಅತ್ತೆ ಒಮ್ಮೆ ಮಗಳ ಮುಖ ನೋಡಿದರು, ಒಮ್ಮೆ ಅಳಿಯನ ಮುಖ ನೋಡಿದರು. ಆಮೇಲೆ ಅವರ ಧ್ವನಿ ಇದ್ದಕ್ಕಿದ್ದಂತೆ ಬಾವಿಯೊಳಗೆ ಇಳಿಯಿತು.

"ಹೇಗೆ ಬರ್ಲಿ ಕಾಂಚನಾ? ಅಷ್ಟು ಜನರ ಮುಂದೆ ಮಾನ ಹೋಯ್ತಲ್ಲೇ! ಚಿಕ್ಕ ಅಳಿಯಂದಿರು ಮಂಕು ಬಡಿದ ಹಾಗೆ ಕೂತಿದಾರೆ. ಒಂದು ಅಗುಳು ಮುಟ್ತಿಲ್ಲ." ಎಡಗೈಯಿಂದ ಡಬ್ಬಿ ಮುಚ್ಚುವಂತೆ ಯೋಗೀಶನಿಗೆ ಸನ್ನೆ ಮಾಡಿದರು. "ಏನಾದ್ರೂ ಮಾಡ್ಕೊಂಡುಬಿಟ್ರೆ ಅಂತ ಭಯ ಕಣೇ. ಈ ಸ್ಥಿತೀಲಿ ಬಿಟ್ಟು ಬಂದ್ರೆ ನಾಲ್ಕು ಜನ ಏನಂತಾರೆ? ದೊಡ್ಡ ಅಳಿಯಂದಿರನ್ನ ಕೇಳಿ ಹೇಳು."

ಅತ್ತಲಿಂದ ಉತ್ತರ ಬರಲು ಎರಡು ಸ್ಟಾಪು ಹಿಡಿಯಿತು. ದತ್ತಾತ್ರೇಯ ರೈಲಿನಲ್ಲಿ ಕೂತೇ ದೊಡ್ಡ ಮನಸ್ಸು ಮಾಡಿದ್ದ. ಪಾಪ, ಅತ್ತೆ ಅಲ್ಲೇ ಇರಲಿ, ಹಬ್ಬ ಮುಗಿಸಿಕೊಂಡೇ ಬರಲಿ, ಯೋಗೀಶನಿಗೆ ತಾನು ದಿನಾ ಫೋನ್ ಮಾಡಿ ಧೈರ್ಯ ತುಂಬುವುದಾಗಿ ತಿಳಿಸಿದ್ದ.

ಹೇಳಿದಂತೆ ನಡೆದುಕೊಂಡ ಕೂಡ. ನರಕ ಚತುರ್ದಶಿಯ ದಿನ ಅತ್ತೆ ಮಗಳ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಾಗ ಒಂದು ಸಲ, ಮಧ್ಯಾಹ್ನ ಊಟಕ್ಕೆ ಕೂತಾಗ ಇನ್ನೊಂದು ಸಲ ದತ್ತಾತ್ರೇಯನ ಫೋನ್ ಬಂತು. ಯೋಗೀಶ ಬಾಯಲ್ಲಿದ್ದ ಹೋಳಿಗೆಯನ್ನು ಒಂದು ದವಡೆಗೆ ಸರಿಸಿ, "ಏನೋ ಇದೀನಿ ಭಾವ" ಎಂದು ಸಣ್ಣ ದನಿಯಲ್ಲಿ ನರಳಿದ. ಭಾನುಮತಿ ಸೆರಗಿನಿಂದ ನಗು ತಡೆದುಕೊಳ್ಳುತ್ತ ಬಂದು, ಅವನು ಕೇಳದಿದ್ದರೂ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಬಡಿಸಿದಳು.